ಇಪ್ಪತ್ತು ರೂಪಾಯಿಯ ಟೆಂಪೊ

ಊರಿನಿಂದ ತಾಲೂಕು ಆಸ್ಪತ್ರೆಗೆ ಖಾಸಗಿ ಬಸ್ಸಿನವರು ಐವತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಫಕೀರಪ್ಪ ತನ್ನ ಟೆಂಪೊದಲ್ಲಿ ಇಪ್ಪತ್ತಕ್ಕೇ ಜನರನ್ನು ಕರೆದೊಯ್ಯತೊಡಗಿದ. ಹತ್ತನೇ ದಿನ ಬಸ್ ಮಾಲೀಕ ತನ್ನ ಆಳು ಮೈಲಾರಿಯನ್ನು ಕರೆತಂದು ನಡುರಸ್ತೆಯಲ್ಲಿ ಟೆಂಪೊ ಅಡ್ಡಗಟ್ಟಿದ. ಮೈಲಾರಿಯ ರಾಡಿಗೆ ಮೊದಲು ಗಾಜು ಪುಡಿಯಾಯಿತು. ಆಮೇಲೆ ಫಕೀರಪ್ಪನ ಭುಜಕ್ಕೆ ಏಟು ಬಿತ್ತು.

“ನಾಳಿಂದ ಐವತ್ತು ತಗೋತೀಯೋ ಇಲ್ಲೋ?” ಎಂದು ಮಾಲೀಕ ಗದರಿದ.

“ಇಪ್ಪತ್ತ ನನಗ ಸಾಕಾಗ್ತೈತ್ರಿ.”

ಮುಂದಿನ ಏಟಿಗೆ ಫಕೀರಪ್ಪನ ಎರಡು ಹಲ್ಲು ರಕ್ತದೊಂದಿಗೆ ಮಣ್ಣಿಗೆ ಬಿದ್ದವು. ಮಾಲೀಕ ಸಮಾಧಾನದಿಂದ ಕಾರು ಹತ್ತಿ ಹೊರಟ. ಕಾರು ಮರೆಯಾಗುತ್ತಲೇ ಮೈಲಾರಿ ರಾಡು ಕೆಳಗಿಟ್ಟು, ಫಕೀರಪ್ಪನ ಕಿವಿಯ ಹತ್ತಿರ ಬಗ್ಗಿದ.

“ಅಣ್ಣಾ, ಮತ್ತ ಯಾವಾಗ ಗಾಡಿ ಬಿಡ್ತೀ? ನಮ್ಮವ್ವನ್ನ ವಾರಕ್ಕ ಎರಡು ಸಲ ಆಸ್ಪತ್ರೆಗೆ ಒಯ್ಯಬೇಕು. ಐವತ್ತು ಕೊಡಾಕ ನಮಗ ನೀಗಂಗಿಲ್ಲ.”