ಚುರುಕಿನ ಗ್ರೂಪು

ದೂರಶಿಕ್ಷಣ ಕೇಂದ್ರದ ಸಂಯೋಜಕರು ಅರ್ಥಶಾಸ್ತ್ರದ ಆನ್‌ಲೈನ್ ಬೋಧಕಿಯನ್ನು ಕರೆಸಿ, ತಮ್ಮ ಮೊಬೈಲನ್ನು ಅವಳ ಮುಂದೆ ಹಿಡಿದರು.

"ನಿಮ್ಮ ವಾಟ್ಸಾಪ್ ಗ್ರೂಪಲ್ಲಿ ಇಡೀ ತಿಂಗಳಿಗೆ ಒಂಬತ್ತು ಮೆಸೇಜು. ಹೀಗಾದ್ರೆ ಮುಂದಿನ ವರ್ಷ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ, ಮೇಡಂ."

"ನನ್ನ ವಿದ್ಯಾರ್ಥಿಗಳಲ್ಲಿ ನರ್ಸುಗಳಿದ್ದಾರೆ, ಕಂಡಕ್ಟರುಗಳಿದ್ದಾರೆ ಸರ್. ಡ್ಯೂಟಿ ಮುಗಿಸಿ ನಂಗೇ ಫೋನ್ ಮಾಡಿ ಕೇಳ್ತಾರೆ."

"ಫೋನಲ್ಲಿ ಹೇಳ್ಕೊಟ್ಟಿದ್ದು ನನ್ನ ವರದಿಗೆ ಬರಲ್ವಲ್ಲ. ಯೋಗಾನಂದ ಸರ್ ಗ್ರೂಪ್ ನೋಡಿ. ಬೆಳಿಗ್ಗೆ ಒಂದು ಪ್ರಶ್ನೆ ಹಾಕಿದ್ರೆ ಮಧ್ಯಾಹ್ನದೊಳಗೆ ಅರವತ್ತು ಉತ್ತರ. ಮೂರು ವರ್ಷದಿಂದ ಉತ್ತಮ ಬೋಧಕ ಪ್ರಶಸ್ತಿ ಅವರಿಗೇ. ನಿಮ್ಮನ್ನೂ ಅಲ್ಲಿಗೆ ಸೇರಿಸ್ತೀನಿ, ನೋಡಿ ಕಲೀರಿ. ಸುಮ್ನೆ ಕೂರಬೇಡಿ, ನೀವೂ ಉತ್ತರ ಹಾಕಿ."

ಮರುದಿನ ಬೆಳಿಗ್ಗೆ ಆ ಗ್ರೂಪಿನಲ್ಲಿ ಪ್ರಶ್ನೆ ಬಂತು: ಬೇಡಿಕೆ ಎಂದರೇನು?

ಹತ್ತೇ ನಿಮಿಷದಲ್ಲಿ ಉತ್ತರಗಳು ಸಾಲುಗಟ್ಟಿದವು. ಒಂದಕ್ಕಿಂತ ಒಂದು ಸೊಗಸು. ಹುಡುಕಿದರೂ ಕಾಗುಣಿತದ ಒಂದು ತಪ್ಪು ಸಿಗಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಯಿತು. ಎಲ್ಲಕ್ಕಿಂತ ಚೆನ್ನಾಗಿ ಬರೆದಿದ್ದವನಿಗೆ ಬೇರೆಯಾಗಿ ಮೆಸೇಜು ಕಳಿಸಿದಳು.

"ಎಷ್ಟು ಚೆನ್ನಾಗಿ ಬರೀತೀರಪ್ಪ. ಸರ್ ನಿಮಗೆ ಹೇಗೆ ಪಾಠ ಮಾಡ್ತಾರೆ?"

ಕೂಡಲೇ ಉತ್ತರ ಬಂತು.

"ಗೊತ್ತಿಲ್ಲ ಮೇಡಂ, ನಾನೂ ಬೋಧಕನೇ. ಕಲೀಲಿ ಅಂತ ಇಲ್ಲಿಗೆ ಹಾಕಿದ್ದಾರೆ. ಮೆಸೇಜಿನ ಕಾಟ ತಡೀಲಾರದೆ ವಿದ್ಯಾರ್ಥಿಗಳೆಲ್ಲ ಹೋದ ವರ್ಷವೇ ಗ್ರೂಪ್ ಬಿಟ್ರು. ಈಗ ಇರೋ ಅರವತ್ತೂ ಜನ ನಮ್ಮಂಥ ಮೇಷ್ಟ್ರುಗಳೇ, ನೀವು ಅರವತ್ತೊಂದನೆಯವರು."