ಮುಖ ತೋರಿಸದೆ ಗೇಟು ದಾಟುವಂತಿಲ್ಲ

ಬುರ್ಖಾ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಬಂತು. ಕಾವಲುಗಾರ ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತ.

"ತಾಯೀ, ನಿಲ್ಲಿ! ಒಂದ್ಸಲ ಮುಖ ತೋರಿಸಿ, ಆಮೇಲೆ ಹೋಗಿ."

ಬುರ್ಖಾ ಎಡಕ್ಕೆ ನುಗ್ಗಿತು. ಅವನೂ ಎಡಕ್ಕೆ. ಬುರ್ಖಾ ಬಲಕ್ಕೆ. ಅವನೂ ಬಲಕ್ಕೆ. ಎದುರಿನ ದವಾಖಾನೆಯ ಬೆಂಚಿನಲ್ಲಿ ಕೂತಿದ್ದ ರೋಗಿಗಳು ತಮ್ಮ ನೋವು ಮರೆತು ನೋಡತೊಡಗಿದರು. ಅವರಿಗೆ ಅದು ಆಟ. ಕಾವಲುಗಾರನಿಗೆ ಹೊಟ್ಟೆಪಾಡು.

ಮೂರು ದಿನದ ಹಿಂದೆ ಕಟ್ಟಡದ ಸಂಘ ಸಭೆ ಸೇರಿತ್ತು. ಸೋರುವ ಪೈಪು, ಕೆಟ್ಟ ಲಿಫ್ಟು, ನೀರಿನ ಟ್ಯಾಂಕಿನಡಿಯ ಹೆಜ್ಜೇನು, ನಾಯಿಗಳ ಕಾಟ, ಎಲ್ಲವನ್ನೂ ಅಧ್ಯಕ್ಷರು ಮುಂದಿನ ಸಭೆಗೆ ತಳ್ಳಿದರು. ಅಂದು ಇದ್ದದ್ದು ಒಂದೇ ವಿಷಯ. ಮೂರನೇ ಮಹಡಿಗೆ ಆರು ತಿಂಗಳ ಹಿಂದೆ ಬಂದಿದ್ದ ಮುಸ್ಲಿಂ ಕುಟುಂಬ.

"ನನಗೆ ಯಾರ ಮೇಲೂ ದ್ವೇಷ ಇಲ್ಲ," ಎಂದು ಶುರುಮಾಡಿ ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ ಮೇಜು ಕುಟ್ಟಿದರು. "ಆ ಬಟ್ಟೆಯೊಳಗೆ ಯಾರಿರ್ತಾರೋ ಯಾರಿಗೆ ಗೊತ್ತು?"

ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನಿಯಮ ಪಾಸಾಯಿತು: ಮುಖ ತೋರಿಸದೆ ಯಾರೂ ಗೇಟು ದಾಟುವಂತಿಲ್ಲ. ಒಬ್ಬರನ್ನು ಬಿಟ್ಟರೂ ಮರುದಿನದಿಂದ ಕಾವಲುಗಾರ ಬರಬೇಕಾಗಿಲ್ಲ.

ಕಾವಲುಗಾರನ ಮನಸ್ಸಿಗೆ ಅದು ಮುಳ್ಳಾಗಿತ್ತು. ಮೂರನೇ ಮಹಡಿಯ ಅಜ್ಜಿ ದಿನಾ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹಾ ತಂದುಕೊಟ್ಟು, "ಸಕ್ಕರೆ ಸರಿಯಾಗಿದೆಯಾ ಮಗಾ?" ಎಂದು ಕೇಳಿ ಹೋಗುತ್ತಿದ್ದಳು. ನಿಯಮ ಬಂದಂದಿನಿಂದ ಅಜ್ಜಿ ಕೆಳಗಿಳಿದಿಲ್ಲ. ಚಹಾ ಹೋದದ್ದು ಹೋಗಲಿ, ಆ ಕೇಳುವಿಕೆಯೇ ಹೋಯಿತಲ್ಲ ಎಂದು ಅವನು ದೇವರ ಹತ್ತಿರವೂ ಹೇಳಿಕೊಂಡಿದ್ದ. ದೇವರು ಎಂದಿನಂತೆ ಸುಮ್ಮನೆ ಕೇಳಿಸಿಕೊಂಡಿದ್ದ.

ಇವತ್ತು ಬೆಳಿಗ್ಗೆ ಅಧ್ಯಕ್ಷರು ಕೋಲು ಹಿಡಿದು ಬಂದಿದ್ದರು. "ಮೇಲೆ ತಾರಸಿಯ ಹಗ್ಗದಲ್ಲಿ ಕರಿ ಬಾವುಟ ಹಾರಿಸ್ತಾರೆ ನೋಡು, ರಸ್ತೆಗೆಲ್ಲ ಕಾಣೋ ಹಾಗೆ. ಈಗಲೇ ಹೋಗಿ ಅದಕ್ಕೊಂದು ಗತಿ ಕಾಣಿಸ್ತೀನಿ. ನೀನು ಇಲ್ಲಿ ಕಣ್ಣಲ್ಲಿ ಕಣ್ಣಿಟ್ಟಿರು. ನನ್ನ ಹೆಂಡ್ತಿಯೇ ಮುಖ ಮುಚ್ಕೊಂಡು ಬಂದ್ರೂ ಬಿಡಬೇಡ!" ಅಷ್ಟರಲ್ಲಿ ಅವರ ಫೋನು ಕುದುರೆಯಂತೆ ಕೆನೆಯಿತು. ಅವರು ಆರಿಸಿಕೊಂಡಿದ್ದ ಸದ್ದೇ ಅದು. ಕೇಳಿದರೆ ಸಾಕು, ಇಡೀ ಕಟ್ಟಡ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು.

ಈಗ ಅರ್ಧ ಗಂಟೆಯಲ್ಲೇ ಈ ಪರೀಕ್ಷೆ.

"ಹೆಸರಾದರೂ ಹೇಳಿ ತಾಯೀ."

"ಮ್ಮ್... ಬ್ಬಬ್ಬ..." ಎಂದಿತು ಬುರ್ಖಾ.

"ಯಾವ ಭಾಷೆ ಅದು?"

ಬುರ್ಖಾ ತನ್ನ ಬೆನ್ನಿಗೆ ತಾನೇ ಒಂದು ಏಟು ಹಾಕಿಕೊಂಡಿತು. ತೊಡೆಗೆ ಇನ್ನೊಂದು. ಕಾಲಿಂದ ಕಾಲಿಗೆ ಕುಣಿಯಿತು. ಕಾವಲುಗಾರ ಅಡಿಯಿಂದ ಮುಡಿಯವರೆಗೆ ನೋಡಿದ. ಅಧ್ಯಕ್ಷರು ಹೇಳಿದ್ದೇ ಸರಿಯೇನೋ! ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಬಟ್ಟೆಯೋ, ಕಣಕಾಲು ಕಾಣುವಷ್ಟು ಗಿಡ್ಡ. ಸ್ವಂತದ್ದಲ್ಲ, ಖಂಡಿತ ಕದ್ದದ್ದು!

ಮೆಟ್ಟಿಲಿನಿಂದ ಏದುಸಿರು ಕೇಳಿಸಿತು. ಅಜ್ಜಿ. ಅವಸರದಲ್ಲಿ ಮನೆಯ ಬಿಳಿ ಮುಸುಕಿನಲ್ಲೇ ಇಳಿದು ಬಂದಿದ್ದಳು.

"ಮಗಾ, ಯಾರನ್ನೂ ಮೇಲೆ ಕಳಿಸಬೇಡ! ಬಟ್ಟೆ ತೆಗೆಯೋಣ ಅಂತ ತಾರಸಿಗೆ ಹೋದೆ, ಹೆಜ್ಜೇನು ಎದ್ದುಬಿಟ್ಟಿದೆ. ಬಾಗಿಲು ಹಾಕ್ಕೊಂಡು ಬಂದೆ."

"ಆಯ್ತು ಅಜ್ಜಿ. ಮೊದಲು ಇವರು ಯಾರು ನೋಡಿ. ಮುಖ ತೋರಿಸಲ್ಲ, ಬಾಯಿ ಬಿಡಲ್ಲ."

ಅಜ್ಜಿ ತಿರುಗಿದಳು. ಬುರ್ಖಾದ ತೋಳಿನ ಅಂಚಿನಲ್ಲಿದ್ದ ಹಸಿರು ದಾರದ ಬಳ್ಳಿಯನ್ನು ನೋಡಿದಳು. ಅದು ಅವಳದೇ ಕೈಕೆಲಸ. ಆಮೇಲೆ ಚಪ್ಪಲಿ ಇಲ್ಲದ ಪಾದ ನೋಡಿದಳು. ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು. ಬುರ್ಖಾ ಗೋಡೆಗೆ ಅಂಟಿಕೊಂಡಿತು. ಅಜ್ಜಿ ಮುಸುಕಿನ ತುದಿ ಬಾಯಿಗೆ ಒತ್ತಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು.

ಕೊನೆಗೆ ಕೆಮ್ಮಿ, ಗಂಭೀರವಾಗಿ ಹೇಳಿದಳು: "ಬಿಡಪ್ಪ. ಇವರು ನಮ್ಮವರೇ."

"ನಿಮ್ಮವರಾ?"

"ಹೌದಪ್ಪ, ನಮ್ಮ ಮನೆಯವರೇ ಅನ್ಕೋ. ಅಲ್ವೇನಮ್ಮಾ?"

ಬುರ್ಖಾ ಹೌದೆಂದು ತಲೆಯಾಡಿಸಿತು. ಒಂದಲ್ಲ, ನಾಲ್ಕು ಸಲ. ಆಮೇಲೆ ಅಜ್ಜಿಯ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಿತು. ಕಾವಲುಗಾರನ ಕಣ್ಣು ಒದ್ದೆಯಾಯಿತು. ಹಿರಿಯರ ಮೇಲೆ ಎಷ್ಟು ಭಕ್ತಿ ಇವರಿಗೆ!

"ಇವರನ್ನ ದವಾಖಾನೆಗೆ ಕರ್ಕೊಂಡು ಹೋಗ್ತೀನಿ. ಗೇಟು ತೆಗಿ ಮಗಾ."

ಅವನ ಕೈ ಚಿಲಕದ ಮೇಲೆ ಹೋಯಿತು. ಅಲ್ಲೇ ನಿಂತಿತು. ಅಜ್ಜಿಯ ಮಾತೆಂದರೆ ಅವನಿಗೆ ದೇವರ ಮಾತು. ಆದರೆ ನಾಳೆ ಗೇಟಿನಿಂದಾಚೆ ನಿಲ್ಲಬೇಕಾದವನು ತಾನು.

"ಅಧ್ಯಕ್ಷರನ್ನ ಒಂದು ಮಾತು ಕೇಳಿಬಿಡ್ತೀನಿ ಅಜ್ಜಿ. ಅವರು ಹೂಂ ಅಂದ್ರೆ ಸಾಕು."

"ಬೇಡಪ್ಪ," ಎಂದಳು ಅಜ್ಜಿ. "ಇವತ್ತು ಅವರು ಯಾವುದಕ್ಕೂ ಬೇಡ ಅನ್ನಲ್ಲ."

"ಆದ್ರೂ ನನ್ನ ಕೆಲಸದ ಪ್ರಶ್ನೆ ಅಲ್ವಾ?" ಅವನು ಫೋನು ತೆಗೆದ. ಬುರ್ಖಾ ಎರಡೂ ಕೈ ಬೀಸುತ್ತಾ ಅವನ ಮೇಲೇ ಬಿತ್ತು. ಅವನು ಫೋನನ್ನು ತಲೆಯ ಮೇಲೆತ್ತಿ ಹಿಡಿದು, ಹೆಬ್ಬೆರಳಿನಿಂದ ಅಧ್ಯಕ್ಷರ ನಂಬರು ಒತ್ತಿದ.

ಬುರ್ಖಾದೊಳಗಿಂದ ಕುದುರೆ ಕೆನೆಯಿತು.