ಆಚೆ ಕಡೆಯ ಎಳೆ

ತೌಸಿಫನ ಕೈಯಲ್ಲಿ ಎಳೆ ಮೂರನೆಯ ಸಲ ತುಂಡಾಯಿತು. ನೂಲೇ ಕಚ್ಚಾ ಎಂದು ಅವನು ಗೊಣಗಿದ. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ," ಎಂದಳು ಅಕ್ಕ ತಸ್ಲೀಮಾ, ತಲೆ ಎತ್ತದೆಯೇ.

ಇಳಕಲ್ ಸೀರೆಗೆ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ, ಒಡಲಿಗೆ ಬೇರೆ, ಸೆರಗಿಗೆ ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ. ಸೆರಗಿನ ಪಕ್ಕ ಎದುರಿಗೆ ಕೂರುತ್ತಿದ್ದ ನೆರೆಮನೆಯ ಬಾನುಬಿ ಮದುವೆಗೆಂದು ಹುನಗುಂದಕ್ಕೆ ಹೋಗಿದ್ದಳು. ಹಾಗಾಗಿ ರಜೆಯ ಮೇಲೆ ಬಂದ ತಮ್ಮನನ್ನೇ ತಸ್ಲೀಮಾ ಮಗ್ಗಕ್ಕೆ ಕೂರಿಸಿದ್ದಳು. ಹದಿನಾಲ್ಕು ವರ್ಷ ಬಂದೂಕು ಹಿಡಿದ ಕೈಗೆ ರೇಷ್ಮೆ ಎಳೆ ಒಗ್ಗಬೇಕಲ್ಲ!

ಮೇಲಾಗಿ ಅವನ ಚಿತ್ತ ಅಲ್ಲಿರಲಿಲ್ಲ. ಹಡಗಿನಿಂದ ದೋಣಿಗಿಳಿದು ಶತ್ರುವಿನ ದಡಕ್ಕೆ ನುಗ್ಗುವ ತುಕಡಿ ಅವನದು. ಈಗಿನ ಕಡಲ ಯುದ್ಧಕ್ಕೆ ಇಂಥ ತುಕಡಿ ಬೇಕೇ, ಬೇಕಿದ್ದರೆ ಏತಕ್ಕೆ ಎಂದು ಸಂಜೆಯೊಳಗೆ ಒಂದು ಪುಟ ಬರೆದು ಕಳಿಸಲು ಸಾಹೇಬರು ಎಲ್ಲರಿಗೂ ಹೇಳಿದ್ದರು. ಬೇಡವೆಂದಾದರೆ ತುಕಡಿ ಒಡೆದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಬೆಳಗಿನಿಂದ ಅವನು ಮೊಬೈಲಿನಲ್ಲಿ ಬರೆದದ್ದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು.

ಅಕ್ಕ ಕೇಳಿದ್ದಕ್ಕೆ ಎಲ್ಲ ಹೇಳಿದ. ದೋಣಿ ಹೊರಟರೆ ಸಾಕು, ಡ್ರೋನಿಗೆ ದೂರದಿಂದಲೇ ಕಾಣುತ್ತದೆ. ದಡದ ಪೊದೆಯಲ್ಲಿ ಇಬ್ಬರು ಕೂತು ಬಿಟ್ಟ ಕ್ಷಿಪಣಿಗೆ ದೊಡ್ಡ ಹಡಗೇ ಮುಳುಗುತ್ತದೆ. ಇನ್ನು ನುಗ್ಗುವುದೆಲ್ಲಿ? "ನಾ ಕಲಿತ ಕೆಲಸಾನ ಹಳೀದಾತು, ಆಪಾ," ಎನ್ನುತ್ತ ಮತ್ತೊಂದು ಎಳೆಗೆ ಕೈ ಚಾಚಿದ.

ತಸ್ಲೀಮಾ ಸಮಾಧಾನ ಹೇಳುವ ಪೈಕಿ ಅಲ್ಲ. ಅವಳು ನೋಡಿದ್ದು ಅವನ ತೋಳನ್ನು. ಅವನು ಸೆರಗಿನ ಪಕ್ಕ ಹೋಗಿ ಕೂರದೆ, ಅಕ್ಕನ ಬದಿಯಿಂದಲೇ ಚಾಚಿ ಚಾಚಿ ಆಚೆಯ ಎಳೆಯನ್ನು ಜಗ್ಗುತ್ತಿದ್ದ.

"ಲೇ, ಈ ಕಡಿಯಿಂದ ಹಂಗ ಮ್ಯಾಲೆ ಬಿದ್ದು ಜಗ್ಗಿದ್ರ ಹರೀದ ಏನ ಮಾಡೀತು? ಆ ಕಡಿ ಒಬ್ರು ಮೊದಲ ಕುಂತಿರಬೇಕು. ಬಾನುಬಿ ನನಕಿಂತ ಮುಂಚೇನ ಬಂದು ಕುಂತಿರ್ತಾಳ."

ತೌಸಿಫ ಎಳೆ ಬಿಟ್ಟು ಮೊಬೈಲು ಕೈಗೆತ್ತಿಕೊಂಡ. ಪೊದೆಯಲ್ಲಿ ಅಡಗಿದ ಆ ಇಬ್ಬರು ಕಣ್ಣ ಮುಂದೆ ಬಂದರು. ಅವರು ಶತ್ರುಗಳೇ ಯಾಕಾಗಬೇಕು? ಯುದ್ಧಕ್ಕೆ ಮುಂಚೆಯೇ ನಮ್ಮದೊಂದು ದ್ವೀಪದಲ್ಲಿ ನಾವೇ ನಾಲ್ಕು ಜನ ಕೂತಿದ್ದರೆ ದೂರದ ನಮ್ಮ ಹಡಗಿಗೆ ನಾವೇ ಕಣ್ಣು, ನಾವೇ ಕೈ. ಎಷ್ಟೋ ದಿನದ ಮೇಲೆ ಅವನಿಗೆ ಹಗುರವೆನಿಸಿತು.

'ದಡಕ್ಕೆ ನುಗ್ಗುವುದು ನಮ್ಮ ಕೆಲಸ' ಎಂದಿದ್ದ ಮೊದಲ ಸಾಲನ್ನು ಅಳಿಸಿ, 'ಹಡಗಿಗಿಂತ ಮೊದಲೇ ದಡದಲ್ಲಿರುವುದು ನಮ್ಮ ಕೆಲಸ' ಎಂದು ಬರೆದ. ಅಕ್ಕನಿಗೂ ಓದಿ ಹೇಳಿದ. ಆಮೇಲೆ ಮಗ್ಗದ ಸುತ್ತ ಹಾದು ಆಚೆ ಸೆರಗಿನ ಪಕ್ಕ ಹೋಗಿ ಕೂತ. ಕೊಂಡಿ ಬಿತ್ತು. ಜಗ್ಗಿ ನೋಡಿದರೂ ಹರಿಯಲಿಲ್ಲ.

ತಸ್ಲೀಮಾ ಮುಂದಿನ ಎಳೆಯನ್ನು ಅವನ ಕಡೆ ನೀಡುತ್ತ ಅಂದಳು: "ನೀವು ಹೋಗಿ ದಂಡಿ ಮ್ಯಾಲ ಕುಂಡ್ರೂ ಮುಂಚೆ, ಅಲ್ಲಿ ಬಾಳೇವು ಮಾಡೂ ಮಂದೀನೂ ಒಂದ ಮಾತು ಕೇಳ್ರಿ ಮತ್ತ."